ಮೊಟ್ಟೆ ಸಿಗದಿದ್ದರೂ ಹುಳು ಇರಬಹುದು: ಚಪ್ಪಟೆ ಹುಳುಗಳ ರೋಗ ಪತ್ತೆಗೆ ದೋಷ ನಿವಾರಣೆ ಕೈಪಿಡಿ

ಸಗಣಿ ಪರೀಕ್ಷೆಯ ವರದಿಯಲ್ಲಿ "ಪರೋಪಜೀವಿಯ ಮೊಟ್ಟೆಗಳು ಕಂಡುಬಂದಿಲ್ಲ" ಎಂದು ಬರೆದಿದೆ. ಕುರಿಗಳು ಮಾತ್ರ ದಿನದಿಂದ ದಿನಕ್ಕೆ ಸೊರಗುತ್ತಿವೆ, ಕಣ್ಣಿನ ಒಳರೆಪ್ಪೆ ಬಿಳುಚಿಕೊಂಡಿದೆ, ಮಂದೆಯಲ್ಲಿ ಆಗಲೇ ಸಾವು ಶುರುವಾಗಿದೆ. ಜಂತುನಾಶಕವನ್ನೂ ಕುಡಿಸಿ ಆಗಿದೆ. ಇಂಥ ಹೊತ್ತಿನಲ್ಲಿ ಕೆಲವರು ಅದೇ ಔಷಧವನ್ನು ಇನ್ನೊಮ್ಮೆ ಕುಡಿಸುತ್ತಾರೆ. ಇನ್ನು ಕೆಲವರು ವರದಿಯನ್ನು ನಂಬಿ, ಇದು ಹುಳುವಿನ ಕಾಟವಲ್ಲವೆಂದು ತೀರ್ಮಾನಿಸಿ ಖನಿಜ ಮಿಶ್ರಣ, ಟಾನಿಕ್ಕುಗಳ ಕಡೆಗೆ ಹೊರಳುತ್ತಾರೆ. ಎರಡರಿಂದಲೂ ಕುರಿ ಉಳಿಯುವುದಿಲ್ಲ.

ವರದಿ ಸುಳ್ಳು ಹೇಳಿಲ್ಲ. ಈ ಸಗಣಿಯಲ್ಲಿ, ಈ ದಿನ, ಈ ವಿಧಾನದಿಂದ ಹುಡುಕಿದಾಗ ಮೊಟ್ಟೆ ಸಿಕ್ಕಿತೇ ಎಂಬ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರಿಸಿದೆ. ನಾವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಹುಳು ಒಳಗಿದೆಯೇ, ಇದ್ದರೆ ಅದಕ್ಕೆ ಎಷ್ಟು ವಾರ ವಯಸ್ಸು, ಈಗ ದೇಹದ ಯಾವ ಭಾಗದಲ್ಲಿದೆ? ಚಪ್ಪಟೆ ಹುಳುಗಳ, ಅಂದರೆ ಇಂಗ್ಲಿಷಿನಲ್ಲಿ ಫ್ಲೂಕ್ ಎನ್ನುವ ಹುಳುಗಳ, ರೋಗದಲ್ಲಿ ಲಕ್ಷಣ, ಪರೀಕ್ಷೆ, ಔಷಧ ಮೂರೂ ಈ ವಯಸ್ಸಿನ ಲೆಕ್ಕದ ಮೇಲೆಯೇ ನಿಂತಿವೆ. ಮುಂದಿನದ್ದೆಲ್ಲ ಅದೇ ಲೆಕ್ಕ ಹಿಡಿದು ಸಾಗುತ್ತದೆ. ಪಶುಗಳ ವಿಷಯ ಮೊದಲು, ಮನುಷ್ಯರದ್ದು ಆಮೇಲೆ.

ಮೊದಲು ವಾರಗಳನ್ನು ಎಣಿಸಿ

ಯಕೃತ್ತಿನಲ್ಲಿ ಬೀಡುಬಿಡುವ ಹುಳುಗಳಲ್ಲಿ ಎರಡು ಮುಖ್ಯ. ತಂಪು ಪ್ರದೇಶಗಳ ಫ್ಯಾಸಿಯೋಲಾ ಹೆಪಾಟಿಕಾ ಸುಮಾರು 2ರಿಂದ 3 ಸೆಂಟಿಮೀಟರ್ ಉದ್ದದ, ಎಲೆಯಾಕಾರದ ಹುಳು. ಉಷ್ಣವಲಯದ ಫ್ಯಾಸಿಯೋಲಾ ಜೈಗ್ಯಾಂಟಿಕಾ ಇನ್ನೂ ನೀಳ, 7 ಸೆಂಟಿಮೀಟರ್ ಮುಟ್ಟುವುದೂ ಉಂಟು. ಎರಡಕ್ಕೂ ಲಿಮ್ನಿಯಾ ಗುಂಪಿನ ಸಿಹಿನೀರಿನ ಬಸವನಹುಳು ಬೇಕೇ ಬೇಕು. ಸಗಣಿಯೊಂದಿಗೆ ಹೊರಬಿದ್ದ ಮೊಟ್ಟೆ ನೀರಿನಲ್ಲಿ ಒಡೆಯುತ್ತದೆ. ಅದರಿಂದ ಬಂದ ಮರಿ ಬಸವನಹುಳುವಿನ ಮೈ ಹೊಕ್ಕು ಅಲ್ಲಿ ಒಂದು ನೂರಾರಾಗುತ್ತದೆ. ಕೊನೆಗೆ ಬಾಲವಿರುವ ಮರಿಗಳು ಹೊರಬಂದು ಈಜಿ, ಹುಲ್ಲಿನ ಬುಡಕ್ಕೆ ಅಂಟಿ, ಬಾಲ ಕಳಚಿ, ಸುತ್ತ ಕೋಶ ಕಟ್ಟಿಕೊಂಡು ಕಾಯುತ್ತವೆ. ವಾತಾವರಣ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಈ ಬೆಳವಣಿಗೆ ನಿಂತುಬಿಡುತ್ತದೆ. 1880ರ ದಶಕದ ಆರಂಭದಲ್ಲಿ ಜರ್ಮನಿಯ ರುಡಾಲ್ಫ್ ಲ್ಯೂಕಾರ್ಟ್ ಮತ್ತು ಆಕ್ಸ್‌ಫರ್ಡಿನ ಎ.ಪಿ. ಥಾಮಸ್ ಒಬ್ಬರಿಗೊಬ್ಬರು ತಿಳಿಯದಂತೆ ಈ ಒಗಟನ್ನು ಬಿಡಿಸಿದರು. ಚಪ್ಪಟೆ ಹುಳುಗಳ ಪೈಕಿ ಇಡೀ ಜೀವನಚಕ್ರ ಮೊದಲು ಗೊತ್ತಾದದ್ದು ಇದರದ್ದೇ.

ರೋಗ ಪತ್ತೆಗೆ ಬೇಕಾಗುವುದು ಹುಲ್ಲಿನೊಂದಿಗೆ ಕೋಶ ಹೊಟ್ಟೆಗೆ ಹೋದ ಮೇಲಿನ ಕಥೆ. ಮರಿಹುಳು ಸಣ್ಣ ಕರುಳಿನ ಗೋಡೆಯನ್ನು ಕೊರೆದು ಹೊಟ್ಟೆಯ ಪೊಳ್ಳಿಗೆ ಇಳಿಯುತ್ತದೆ, ಒಂದು ವಾರದೊಳಗೆ ಯಕೃತ್ತನ್ನು ತಲುಪುತ್ತದೆ. ಮುಂದಿನ ಆರೆಂಟು ವಾರ ಯಕೃತ್ತಿನ ಮಾಂಸವನ್ನೇ ತಿನ್ನುತ್ತಾ ಸುರಂಗ ತೋಡುತ್ತದೆ. ಆಮೇಲೆ ಪಿತ್ತನಾಳ ಸೇರಿ ಬಲಿತು ಮೊಟ್ಟೆ ಇಡುತ್ತದೆ. ಹೆಪಾಟಿಕಾದಲ್ಲಿ ಮೊದಲ ಮೊಟ್ಟೆ ಸಗಣಿಗೆ ಬರಲು 10ರಿಂದ 12 ವಾರ, ಜೈಗ್ಯಾಂಟಿಕಾದಲ್ಲಿ 13ರಿಂದ 16 ವಾರ ಬೇಕು. ಅಂದರೆ ಅತಿ ಹೆಚ್ಚು ಹಾನಿಯಾಗುವ ಅವಧಿಯಲ್ಲಿ, ಎಂಥ ನುರಿತ ತಂತ್ರಜ್ಞ ಕುಳಿತು ನೋಡಿದರೂ, ಸಗಣಿಯಲ್ಲಿ ಒಂದು ಮೊಟ್ಟೆಯೂ ಸಿಗಲಾರದು.

ಆದ್ದರಿಂದ ಪ್ರಾಣಿಯನ್ನು ಮುಟ್ಟುವ ಮೊದಲು ಮೇಯಿಸಿದವರನ್ನು ಕೇಳಿ: ತೇವದ ಜಾಗಕ್ಕೆ, ಕೆರೆಯಂಚಿಗೆ, ಕಾಲುವೆ ಬದಿಗೆ ಮಂದೆ ಹೋಗಿ ಎಷ್ಟು ವಾರವಾಯಿತು? ನಾಲ್ಕೈದು ವಾರವೆಂದರೆ ಮೊಟ್ಟೆ ಹುಡುಕುವ ಪರೀಕ್ಷೆಯಿಂದ ಪ್ರಯೋಜನವಿಲ್ಲ. ನಾಲ್ಕೈದು ತಿಂಗಳೆಂದರೆ ಅದೇ ಪರೀಕ್ಷೆ ನಿಮ್ಮ ಮುಖ್ಯ ಆಧಾರ.

ದೂರು: ಚೆನ್ನಾಗಿದ್ದ ಕುರಿ ದಿಢೀರನೆ ಸತ್ತಿತು

ಕುರಿಯೊಂದು ಸಾವಿರಾರು ಕೋಶಗಳನ್ನು ಒಮ್ಮೆಗೇ ನುಂಗಿದರೆ ಎರಡರಿಂದ ಆರು ವಾರದೊಳಗೆ ಯಕೃತ್ತು ಛಿದ್ರವಾಗಿ ಸಾಯಬಹುದು. ಸೊರಗಲು ಅದಕ್ಕೆ ಸಮಯವೇ ಸಿಗುವುದಿಲ್ಲ, ಮೈತುಂಬಿದ ಕುರಿಯೇ ಬೀಳುತ್ತದೆ. "ಹುಳುವಾಗಿದ್ದರೆ ಸೊರಗಬೇಕಿತ್ತಲ್ಲ" ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ.

ಸತ್ತ ಪ್ರಾಣಿಯನ್ನು ಕೊಯ್ದು ನೋಡುವಷ್ಟು ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ. ಆದರೆ ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಚಾಕುವನ್ನು ಕೆಳಗಿಡಿ. ಅದು ಆಂಥ್ರಾಕ್ಸ್ ಇರಬಹುದು, ಹೆಣವನ್ನು ತೆರೆಯಕೂಡದು. ಆ ಅನುಮಾನವಿಲ್ಲವೆಂದಾದರೆ ಹೊಟ್ಟೆ ತೆರೆಯಿರಿ. ತೀವ್ರ ರೂಪದಲ್ಲಿ ಹೊಟ್ಟೆಯೊಳಗೆ ರಕ್ತ ಬೆರೆತ ನೀರಿರುತ್ತದೆ. ಯಕೃತ್ತು ಊದಿಕೊಂಡು, ಬಣ್ಣಗೆಟ್ಟು, ಮೇಲೆಲ್ಲ ಕೆಂಪು-ಕಪ್ಪು ಗೀರುಗಳಾಗಿ, ಬೆರಳಿಟ್ಟರೆ ಕುಸಿಯುವಂತಿರುತ್ತದೆ. ಈ ಹಂತದ ಹುಳುಗಳು ಕೆಲವೇ ಮಿಲಿಮೀಟರ್ ಉದ್ದ, ಬರಿಗಣ್ಣಿಗೆ ರಕ್ತದ ಚೂರಿನಂತೆ ಕಂಡು ತಪ್ಪಿಸಿಕೊಳ್ಳುತ್ತವೆ. ಯಕೃತ್ತನ್ನು ಬೆರಳಿನಷ್ಟು ದಪ್ಪದ ಹೋಳುಗಳಾಗಿ ಕೊಯ್ದು, ಬೋಗುಣಿಯಲ್ಲಿನ ಬೆಚ್ಚಗಿನ ನೀರಿಗೆ ಹಾಕಿ ಒಂದೊಂದನ್ನೂ ಹಿಂಡಿ. ಸ್ವಲ್ಪ ಹೊತ್ತು ಬಿಟ್ಟು ಮೇಲಿನ ಕೆಂಪು ನೀರನ್ನು ಚೆಲ್ಲಿ, ತಳವನ್ನು ಕಪ್ಪು ಹಿನ್ನೆಲೆಯ ಮೇಲಿಟ್ಟು ನೋಡಿ. ನಸುಬಿಳಿ ಬಣ್ಣದ ಚಿಕ್ಕ ಚಪ್ಪಟೆ ತುಣುಕುಗಳು ಮೆಲ್ಲಗೆ ಚಾಚಿ ಮುದುಡುವುದು ಕಂಡರೆ ಪ್ರಯೋಗಾಲಯದ ಉತ್ತರಕ್ಕೆ ಕಾಯಬೇಕಾಗಿಲ್ಲ.

ಬೆರಳೆಣಿಕೆಯ ಹುಳುಗಳಷ್ಟೇ ಸಿಕ್ಕಿ, ಸಾವು ಮಾತ್ರ ಇದ್ದಕ್ಕಿದ್ದಂತೆ ಆಗಿದ್ದರೆ ಇನ್ನೊಂದು ಸಾಧ್ಯತೆಯಿದೆ. ಹುಳು ತೋಡಿದ ಸುರಂಗದಲ್ಲಿ ಆಮ್ಲಜನಕ ಕಡಿಮೆ. ಯಕೃತ್ತಿನಲ್ಲಿ ಮೊದಲೇ ಸುಮ್ಮನೆ ಬಿದ್ದಿದ್ದ ಕ್ಲಾಸ್ಟ್ರಿಡಿಯಂ ನೋವೈ ಬೀಜಕಣಗಳು ಅಲ್ಲಿ ಮೊಳೆತು ವಿಷ ಕಾರುತ್ತವೆ. ಕುರಿಗಳ ಈ ರೋಗವನ್ನು ಬ್ಲ್ಯಾಕ್ ಡಿಸೀಸ್ ಎನ್ನುತ್ತಾರೆ. ಇಲ್ಲಿ ಹುಳುವಿನ ಔಷಧವೊಂದೇ ಸಾಲದು, ಉಳಿದ ಕುರಿಗಳಿಗೆ ಲಸಿಕೆಯೂ ಬೇಕು.

ದೂರು: ಗದ್ದದ ಕೆಳಗೆ ನೀರು ತುಂಬಿದ ಊತ

ಇದು ದೀರ್ಘಕಾಲದ ರೋಗದ ಲಕ್ಷಣ. ಪಿತ್ತನಾಳದಲ್ಲಿ ಬಲಿತ ಹುಳುಗಳು ರಕ್ತ ಹೀರುತ್ತವೆ, ರಕ್ತದಲ್ಲಿ ನೀರನ್ನು ಹಿಡಿದಿಡುವ ಅಲ್ಬುಮಿನ್ ಎಂಬ ಪ್ರೋಟೀನ್ ಕುಸಿಯುತ್ತದೆ, ತಲೆ ಬಗ್ಗಿಸಿ ಮೇಯುವ ಪ್ರಾಣಿಯ ಗದ್ದದಡಿ ನೀರು ನಿಲ್ಲುತ್ತದೆ. ಆದರೆ ಗದ್ದದ ಊತವೆಂದ ಕೂಡಲೇ ಯಕೃತ್ತಿನ ಹುಳುವೆಂದು ಚೀಟಿ ಬರೆಯುವ ಅಭ್ಯಾಸ ಒಳ್ಳೆಯದಲ್ಲ. ಕುರಿ-ಮೇಕೆಗಳಲ್ಲಿ ಇದೇ ಊತವನ್ನು, ಇದೇ ಬಿಳುಪನ್ನು ಹಿಮಾಂಕಸ್ ಎಂಬ ದುಂಡುಹುಳು ಇನ್ನೂ ಬೇಗ ತರುತ್ತದೆ. ದನಗಳಲ್ಲಿ ಜಾನ್ಸ್ ಕಾಯಿಲೆ ಎಂಬ ಕರುಳಿನ ದೀರ್ಘಕಾಲದ ರೋಗದಿಂದಲೂ ಬರಬಹುದು. ತಂತಿ, ಮೊಳೆ ನುಂಗಿ ಹೃದಯದ ಪೊರೆಗೆ ಚುಚ್ಚಿಕೊಂಡರೆ ಊತ ಎದೆಯ ಮುಂಭಾಗಕ್ಕೂ ಇಳಿದಿರುತ್ತದೆ, ಕುತ್ತಿಗೆಯ ರಕ್ತನಾಳ ಉಬ್ಬಿರುತ್ತದೆ. ಹುಳುವಿನ ಊತದಲ್ಲಿ ಆ ಉಬ್ಬು ಇರುವುದಿಲ್ಲ.

ಬೇರ್ಪಡಿಸಲು ರಕ್ತ ನೆರವಾಗುತ್ತದೆ. ಹುಳು ಯಕೃತ್ತಿನ ಮಾಂಸದಲ್ಲಿ ಓಡಾಡುತ್ತಿರುವಾಗ ಜಿಎಲ್‌ಡಿಎಚ್ ಎಂಬ ಕಿಣ್ವ ಏರುತ್ತದೆ. ಪಿತ್ತನಾಳಕ್ಕೆ ಇಳಿದ ಮೇಲೆ ಜಿಜಿಟಿ ಎಂಬ ಇನ್ನೊಂದು ಕಿಣ್ವ ಏರುತ್ತದೆ. ಎರಡನ್ನೂ ಒಟ್ಟಿಗೆ ಮಾಡಿಸಿದರೆ ಹುಳುವಿನ ವಯಸ್ಸಿನ ಅಂದಾಜು ಸಿಗುತ್ತದೆ, ದುಂಡುಹುಳುವಿನ ರೋಗದಲ್ಲಿ ಇವು ಹೀಗೆ ಏರುವುದಿಲ್ಲ. ಹುಳುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ಎಲಿಸಾ ಎಂಬ ರಕ್ತಪರೀಕ್ಷೆ ಸೋಂಕಾದ ಎರಡರಿಂದ ನಾಲ್ಕು ವಾರಗಳಲ್ಲೇ ಹೌದು ಎನ್ನುತ್ತದೆ, ಮೊಟ್ಟೆಗಾಗಿ ಕಾಯಬೇಕಿಲ್ಲ. ಅದರ ಲೋಪ ಇನ್ನೊಂದು ತುದಿಯಲ್ಲಿದೆ: ಹುಳು ಸತ್ತು ತಿಂಗಳುಗಳಾದರೂ ಪ್ರತಿಕಾಯ ಉಳಿದಿರುತ್ತದೆ. ಕಳೆದ ಬಾರಿ ಚಿಕಿತ್ಸೆ ಪಡೆದ ಹಸುವಿನಲ್ಲಿ ಎಲಿಸಾ ಪಾಸಿಟಿವ್ ಬಂದರೆ ಅದು ಹಳೆಯ ಸೋಂಕಿನ ಗುರುತಷ್ಟೇ ಆಗಿರಬಹುದು.

ದನಗಳಿಗೆ ಸೋಂಕಿನ ಮೇಲೆ ಒಂದಿಷ್ಟು ನಿರೋಧಕ ಶಕ್ತಿ ಬರುತ್ತದೆ, ಪಿತ್ತನಾಳದ ಗೋಡೆ ದಪ್ಪಗಾಗಿ ಸುಣ್ಣ ಕಟ್ಟುತ್ತದೆ. ಕಸಾಯಿಖಾನೆಯಲ್ಲಿ ಅಂಥ ಯಕೃತ್ತನ್ನು ಕೊಯ್ದರೆ ಚಾಕು ಕರಕರ ಎನ್ನುತ್ತದೆ. ಕುರಿಗಳಿಗೆ ಈ ರಕ್ಷಣೆ ಬರುವುದೇ ಇಲ್ಲ. ಒಂದೇ ಬಯಲಿನಲ್ಲಿ ಮೇಯುವ ಹಸು ಹಾಲು ಇಳಿಸಿಕೊಂಡು ಬದುಕುತ್ತದೆ, ಪಕ್ಕದ ಕುರಿ ಸಾಯುತ್ತದೆ. ಹಸುವನ್ನು ನೋಡಿ ಕುರಿಯ ಸ್ಥಿತಿಯನ್ನು ಊಹಿಸಬೇಡಿ.

ಸಗಣಿ ಪರೀಕ್ಷೆ ಎಲ್ಲಿ ಎಡವುತ್ತದೆ

ವಾರಗಳ ಲೆಕ್ಕ ಸರಿಯಿದ್ದು, ಹುಳು ಬಲಿತಿರಲೇಬೇಕೆಂದಾದರೂ ಮೊಟ್ಟೆ ಸಿಗದಿದ್ದರೆ ಪರೀಕ್ಷೆಯ ವಿಧಾನವನ್ನೇ ಅನುಮಾನಿಸಬೇಕು. ಉಪ್ಪಿನ ದ್ರಾವಣದಲ್ಲಿ ತೇಲಿಸುವ ವಿಧಾನ ದುಂಡುಹುಳುವಿನ ಮೊಟ್ಟೆಗಳಿಗೆ ಹೇಳಿಮಾಡಿಸಿದ್ದು. ಚಪ್ಪಟೆ ಹುಳುವಿನ ಮೊಟ್ಟೆ ಭಾರ, ಉಪ್ಪುನೀರಿನಲ್ಲಿ ತಳದಲ್ಲೇ ಕೂರುತ್ತದೆ. ತೇಲಿದ ಪೊರೆಯನ್ನು ಎಷ್ಟು ಹೊತ್ತು ನೋಡಿದರೂ ಅದು ಅಲ್ಲಿಲ್ಲ. ಇನ್ನೂ ದಟ್ಟವಾದ ದ್ರಾವಣಗಳು ಅದನ್ನು ಎತ್ತುತ್ತವೆ, ಆದರೆ ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆ ಮುದುಡಿ ಗುರುತು ಸಿಗದಂತಾಗುತ್ತದೆ. ವರದಿ ತರಿಸಿಕೊಳ್ಳುವಾಗ ತೇಲಿಸಿದರೋ ತಂಗಿಸಿದರೋ ಎಂದು ಕೇಳಿ. ತೇಲಿಸಿದ್ದರೆ ಆ ಪರೀಕ್ಷೆ ಆಗಿಲ್ಲವೆಂದೇ ತಿಳಿಯಿರಿ.

ತಂಗಿಸುವ ವಿಧಾನಕ್ಕೆ ದುಬಾರಿ ಸಲಕರಣೆ ಬೇಡ, ತಾಳ್ಮೆ ಬೇಕು. ಹತ್ತು ಗ್ರಾಮಿನಷ್ಟು ಸಗಣಿಯನ್ನು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಜರಡಿಯಲ್ಲಿ ಸೋಸಿ ಎತ್ತರದ ಲೋಟಕ್ಕೆ ಹಾಕಿ. ಮೂರು ನಾಲ್ಕು ನಿಮಿಷ ಅಲುಗಿಸದೆ ಬಿಡಿ. ಹುಲ್ಲಿನ ಚೂರು, ಕೊಳೆ ಇನ್ನೂ ತೇಲಾಡುತ್ತಿರುವಾಗಲೇ ಮೊಟ್ಟೆ ತಳ ಸೇರಿರುತ್ತದೆ. ಮೇಲಿನ ನೀರನ್ನು ನಿಧಾನವಾಗಿ ಬಗ್ಗಿಸಿ, ಹೊಸ ನೀರು ತುಂಬಿ, ನೀರು ತಿಳಿಯಾಗುವವರೆಗೆ ಇದನ್ನೇ ಮಾಡಿ. ಕೊನೆಗೆ ಉಳಿದ ಗಸಿಗೆ ಮಿಥಿಲೀನ್ ಬ್ಲೂ ಒಂದು ಹನಿ ಹಾಕಿ ಕಡಿಮೆ ಶಕ್ತಿಯ ಮಸೂರದಲ್ಲಿ ನೋಡಿ. ಕಸಕಡ್ಡಿ ನೀಲಿಯಾಗುತ್ತದೆ. ಆ ನೀಲಿಯ ನಡುವೆ ಹಳದಿ-ಹೊನ್ನಿನ ಬಣ್ಣದ, ಒಂದು ತುದಿಯಲ್ಲಿ ಮುಚ್ಚಳವಿರುವ, ಸುಮಾರು 130ರಿಂದ 150 ಮೈಕ್ರೋಮೀಟರ್ ಉದ್ದದ ಮೊಟ್ಟೆ ಕಂಡರೆ ಅದು ಫ್ಯಾಸಿಯೋಲಾ ಹೆಪಾಟಿಕಾ. ಜೈಗ್ಯಾಂಟಿಕಾದ ಮೊಟ್ಟೆ ಇನ್ನೂ ದೊಡ್ಡದು. ಅದೇ ಆಕಾರ, ಅದೇ ಮುಚ್ಚಳ, ಆದರೆ ಬಣ್ಣವಿಲ್ಲದೆ ಗಾಜಿನಂತೆ ತಿಳಿಯಾಗಿದ್ದರೆ ಅದು ಮೆಲುಕು ಹೊಟ್ಟೆಯ ಹುಳುವಿನದು. ಬಣ್ಣವನ್ನು ಗಮನಿಸದೆ ಗಾತ್ರವೊಂದನ್ನೇ ನಂಬಿದರೆ ಔಷಧವೇ ತಪ್ಪಿಹೋಗುತ್ತದೆ.

ಬಲಿತ ಹಸುವಿನ ಸಗಣಿ ಹೇರಳ, ಅದರಲ್ಲಿ ಮೊಟ್ಟೆ ವಿರಳ. ಪಿತ್ತಕೋಶ ಬಿಟ್ಟು ಬಿಟ್ಟು ಖಾಲಿಯಾಗುವುದರಿಂದ ಮೊಟ್ಟೆಯೂ ಬಿಟ್ಟು ಬಿಟ್ಟು ಬರುತ್ತದೆ. ಚಿಟಿಕೆ ಸಗಣಿಯನ್ನು ಬೆಂಕಿಪೊಟ್ಟಣದಲ್ಲಿ ಕಳಿಸಿ ಮಂದೆಯ ಭವಿಷ್ಯ ಕೇಳುವವರಿದ್ದಾರೆ, ಅವರಿಗೆ ಸಿಗುವುದು ಆ ಚಿಟಿಕೆಯ ಭವಿಷ್ಯ ಮಾತ್ರ. ಮಂದೆಯ ಹತ್ತು ಪ್ರಾಣಿಗಳಿಂದಲಾದರೂ ಪ್ರತ್ಯೇಕವಾಗಿ ಮಾದರಿ ತೆಗೆಯಿರಿ. ಹುಳು ಮೊಟ್ಟೆ ಇಡುವ ಮೊದಲೇ ಬಿಡುಗಡೆ ಮಾಡುವ ಪ್ರೋಟೀನನ್ನು ಸಗಣಿಯಲ್ಲಿ ಪತ್ತೆಮಾಡುವ ಕೋಪ್ರೋಆಂಟಿಜೆನ್ ಪರೀಕ್ಷೆ ಲಭ್ಯವಿದ್ದರೆ ಇನ್ನೂ ಒಳ್ಳೆಯದು. ಹುಳು ಜೀವಂತವಿರುವಾಗಷ್ಟೇ ಅದು ಪಾಸಿಟಿವ್ ಆಗಿರುತ್ತದೆ.

ದೂರು: ನಾರುವ ನೀರು ಭೇದಿ, ಎಳೆಯ ಪ್ರಾಣಿಗಳು ಬೀಳುತ್ತಿವೆ

ಯಕೃತ್ತಿನ ಹುಳು ಸಾಮಾನ್ಯವಾಗಿ ಜೋರು ಭೇದಿ ತರುವುದಿಲ್ಲ. ಭೇದಿಯೇ ಮುಖ್ಯ ದೂರಾಗಿದ್ದರೆ ಮೆಲುಕು ಹೊಟ್ಟೆಯ ಹುಳುಗಳ ಕಡೆ, ಅಂದರೆ ಆಂಫಿಸ್ಟೋಮ್‌ಗಳ ಕಡೆ ತಿರುಗಿ. ಬಲಿತ ಆಂಫಿಸ್ಟೋಮ್ ಗುಲಾಬಿ ಬಣ್ಣದ, ಸುಮಾರು ಒಂದು ಸೆಂಟಿಮೀಟರಿನ ಉಬ್ಬಿದ ಹುಳು. ಮೆಲುಕು ಹೊಟ್ಟೆಯ ಗೋಡೆಗೆ ನೂರಾರು ಅಂಟಿಕೊಂಡಿದ್ದರೂ ದನ ಆರಾಮವಾಗಿ ಮೇಯುತ್ತಿರುತ್ತದೆ. ಕೊಲ್ಲುವುದು ಅದರ ಮರಿಗಳು. ಅವು ಸಣ್ಣ ಕರುಳಿನ ಮೊದಲ ಭಾಗದಲ್ಲಿ ಲೋಳೆಪೊರೆಯನ್ನು ಕಚ್ಚಿ ಹರಿಯುತ್ತವೆ. ಮರಿಗಳಾದ್ದರಿಂದ ಮೊಟ್ಟೆ ಇಲ್ಲ, ಸಗಣಿ ಪರೀಕ್ಷೆ ಮತ್ತೆ ಖಾಲಿ. ಇಲ್ಲಿ ಮಾಡಬೇಕಾದದ್ದು ಭೇದಿಯ ನೀರನ್ನು ಬಿಳಿ ತಟ್ಟೆಗೆ ಸುರಿದು, ತೊಳೆದು, ಕೆಂಪುಛಾಯೆಯ ಅಕ್ಕಿಕಾಳಿಗಿಂತ ಚಿಕ್ಕ ಮರಿಹುಳುಗಳನ್ನು ಕಣ್ಣಾರೆ ಹುಡುಕುವುದು. ಹಾಗೆಯೇ, ಆರೋಗ್ಯವಾಗಿರುವ ದನದ ಸಗಣಿಯಲ್ಲಿ ಆಂಫಿಸ್ಟೋಮ್ ಮೊಟ್ಟೆ ರಾಶಿರಾಶಿ ಸಿಕ್ಕರೆ ಗಾಬರಿ ಬೇಡ. ಸೊರಗುವಿಕೆಗೆ ಬೇರೆ ಕಾರಣ ಇರಬಹುದು, ಹುಡುಕಾಟ ನಿಲ್ಲಿಸಬೇಡಿ.

ದೂರು: ಹಸು ಗೊರಕೆ ಹೊಡೆಯುತ್ತದೆ

ಮೂಗಿನಿಂದ ಲೋಳೆ, ಕೆಲವೊಮ್ಮೆ ರಕ್ತದೆಳೆ, ಉಸಿರಾಡುವಾಗ ದೂರಕ್ಕೂ ಕೇಳುವ ಗೊರಕೆ. ಟಾರ್ಚ್ ಬಿಟ್ಟರೆ ಮೂಗಿನೊಳಗೆ ಹೂಕೋಸಿನಂಥ ಬೆಳವಣಿಗೆ. ದಕ್ಷಿಣ ಏಷ್ಯಾದಲ್ಲಿ ಈ ಚಿತ್ರ ಕಂಡರೆ ಮೊದಲು ನೆನಪಾಗಬೇಕಾದದ್ದು ಷಿಸ್ಟೊಸೋಮಾ ನೇಸೇಲ್, 1933ರಲ್ಲಿ ಎಂ.ಎ.ಎನ್. ರಾವ್ ವಿವರಿಸಿದ ರಕ್ತನಾಳದ ಹುಳು. ಇದರ ಮರಿ ಹುಲ್ಲಿನ ಮೇಲೆ ಕಾಯುವುದಿಲ್ಲ, ನೀರಿನಲ್ಲಿ ನಿಂತ ಪ್ರಾಣಿಯ ಚರ್ಮವನ್ನೇ ಕೊರೆದು ಒಳಹೊಗುತ್ತದೆ. ಇಂಡೋಪ್ಲನಾರ್ಬಿಸ್ ಎಕ್ಸುಸ್ಟಸ್ ಎಂಬ ಬಸವನಹುಳು ಇದರ ಆಸರೆ. ಬಲಿತ ಹುಳು ಮೂಗಿನ ಅಭಿಧಮನಿಯಲ್ಲಿ ವಾಸಿಸುವುದರಿಂದ ಮೊಟ್ಟೆ ಮೂಗಿನ ಲೋಳೆಯಲ್ಲಿ ಬರುತ್ತದೆ. ಸಗಣಿಯಲ್ಲಿ ಹುಡುಕಿ ಇಲ್ಲವೆಂದರೆ ಅದು ವಿಳಾಸ ತಪ್ಪಿದ ಹುಡುಕಾಟ. ಬೂಮರಾಂಗಿನಂತೆ ಬಾಗಿದ ಆ ಮೊಟ್ಟೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎಮ್ಮೆಗಳು ಇದೇ ಹುಳುವನ್ನು ಹೊತ್ತೂ ಅನೇಕ ವೇಳೆ ಗೊರಕೆ ಹೊಡೆಯುವುದಿಲ್ಲ, ಅವನ್ನು ಬಿಟ್ಟು ಹಸುಗಳಿಗಷ್ಟೇ ಚಿಕಿತ್ಸೆ ಕೊಟ್ಟರೆ ಸೋಂಕು ಕೆರೆಯಲ್ಲೇ ಉಳಿಯುತ್ತದೆ.

ಇದೇ ಕುಟುಂಬದ ಇತರ ಹುಳುಗಳು ಕರುಳಿನ ರಕ್ತನಾಳಗಳಲ್ಲಿದ್ದು ಲೋಳೆ, ರಕ್ತ ಬೆರೆತ ಭೇದಿ ತರುತ್ತವೆ. ಅವುಗಳ ಮೊಟ್ಟೆ ಹುಡುಕುವಾಗ ಸಗಣಿಯನ್ನು ಬರಿನೀರಿನಲ್ಲಿ ಕದಡಬೇಡಿ. ನೀರು ತಾಗಿದೊಡನೆ ಮರಿ ಹೊರಬಂದು ಈಜಿ ಹೋಗುತ್ತದೆ, ನಿಮಗೆ ಉಳಿಯುವುದು ಒಡಕು ಚಿಪ್ಪು. ಲವಣಜಲ ಬಳಸಿ.

ದೂರು: ಔಷಧ ಕೊಟ್ಟೆವು, ಗುಣವಾಗಲಿಲ್ಲ

ಈ ದೂರಿನಲ್ಲಿ ಹತ್ತಕ್ಕೆ ಒಂಬತ್ತು ಬಾರಿ ಬೈಗುಳ ಔಷಧಕ್ಕೆ ಬೀಳುತ್ತದೆ. ಔಷಧವನ್ನು ದೂರುವ ಮೊದಲು ನಾಲ್ಕು ಸಂಗತಿಗಳನ್ನು ಈ ಕ್ರಮದಲ್ಲೇ ಪರಿಶೀಲಿಸಿ, ಏಕೆಂದರೆ ಮೊದಲಿನವು ಸುಲಭ, ಕೊನೆಯದು ಕಷ್ಟ.

ಬಾಟಲಿಯ ಮೇಲೆ ಏನಿದೆ? ಐವರ್ಮೆಕ್ಟಿನ್, ಲೆವಾಮಿಸೋಲ್ ದುಂಡುಹುಳುವಿನ ಔಷಧಗಳು. ಚಪ್ಪಟೆ ಹುಳುವನ್ನು ಅವು ಮುಟ್ಟುವುದಿಲ್ಲ. "ಜಂತುವಿನ ಔಷಧ ಕುಡಿಸಿದ್ದೇವೆ" ಎಂಬ ಮಾತನ್ನು ಒಪ್ಪದೆ ಖಾಲಿ ಬಾಟಲಿಯನ್ನು ತರಿಸಿ ನೋಡಿ.

ಹುಳುವಿನ ವಯಸ್ಸಿಗೆ ಔಷಧ ಹೊಂದಿತೇ? ಅಲ್ಬೆಂಡಜೋಲ್, ಆಕ್ಸಿಕ್ಲೋಜನೈಡ್ ಕೊಲ್ಲುವುದು ಪಿತ್ತನಾಳ ಸೇರಿದ ಬಲಿತ ಹುಳುಗಳನ್ನು ಮಾತ್ರ. ಕ್ಲೋಸಾಂಟೆಲ್, ನೈಟ್ರಾಕ್ಸಿನಿಲ್ ಆರೆಂಟು ವಾರ ದಾಟಿದವನ್ನೂ ಹಿಡಿಯುತ್ತವೆ. ಒಂದೆರಡು ವಾರದ ಮರಿಗಳಿಂದ ಹಿಡಿದು ಬಲಿತವುಗಳವರೆಗೆ ಎಲ್ಲವನ್ನೂ ಕೊಲ್ಲುವುದು ಟ್ರೈಕ್ಲಾಬೆಂಡಜೋಲ್. ಕುರಿಗಳು ಸುರಂಗದ ಹಂತದಲ್ಲಿ ಸಾಯುತ್ತಿರುವಾಗ ಅಲ್ಬೆಂಡಜೋಲ್ ಕುಡಿಸಿದರೆ ಔಷಧ ತನ್ನ ಕೆಲಸ ಮಾಡಿದರೂ ಕುರಿ ಸಾಯುತ್ತದೆ. ಇನ್ನು ಟ್ರೈಕ್ಲಾಬೆಂಡಜೋಲ್ ಮೆಲುಕು ಹೊಟ್ಟೆಯ ಹುಳುವಿಗೆ ನಾಟುವುದೇ ಇಲ್ಲ, ಅಲ್ಲಿ ಬೇಕಾದದ್ದು ಆಕ್ಸಿಕ್ಲೋಜನೈಡ್. ತಿಳಿ ಮೊಟ್ಟೆಯನ್ನು ಹೊನ್ನಿನ ಮೊಟ್ಟೆಯೆಂದು ಓದಿದವರಿಗೆ ಈ ಹಂತದಲ್ಲಿ ಬಿಸಿ ತಟ್ಟುತ್ತದೆ.

ಪ್ರಮಾಣ ಸರಿಯೇ? ತೂಕವನ್ನು ಕಣ್ಣಳತೆಯಲ್ಲಿ ಊಹಿಸಿದರೆ ಸಾಮಾನ್ಯವಾಗಿ ಕಡಿಮೆಯೇ ಆಗುತ್ತದೆ. ಅಲ್ಬೆಂಡಜೋಲಿನಲ್ಲಿ ಚಪ್ಪಟೆ ಹುಳುವಿಗೆ ಬೇಕಾದ ಪ್ರಮಾಣ ದುಂಡುಹುಳುವಿನದ್ದಕ್ಕಿಂತ ಹೆಚ್ಚು, ಗಬ್ಬದ ಆರಂಭದ ದಿನಗಳಲ್ಲಿ ಅದನ್ನು ಕೊಡುವಂತೆಯೂ ಇಲ್ಲ. ಹಾಗೆಂದು ಎಲ್ಲಕ್ಕೂ ಎರಡು ಪಾಲು ಸುರಿಯಬೇಡಿ. ಕ್ಲೋಸಾಂಟೆಲ್ ಮಿತಿಮೀರಿದರೆ ಕುರಿ-ಮೇಕೆಗಳು ಕುರುಡಾಗುತ್ತವೆ, ಆ ಕುರುಡು ವಾಸಿಯಾಗುವುದು ಕಷ್ಟ. ಹಾಲು ಕರೆಯುವ ಪ್ರಾಣಿಗೆ ಯಾವುದನ್ನು ಕೊಡಬಹುದು, ಎಷ್ಟು ದಿನ ಹಾಲನ್ನು ಬಳಸಬಾರದು ಎಂಬುದನ್ನು ಪಶುವೈದ್ಯರಿಂದಲೇ ತಿಳಿಯಿರಿ.

ಈ ಮೂರೂ ಸರಿಯಿದ್ದರೆ ಮಾತ್ರ ಔಷಧಕ್ಕೆ ಬಗ್ಗದ ಹುಳುವಿನ ಅನುಮಾನ. ಟ್ರೈಕ್ಲಾಬೆಂಡಜೋಲ್‌ಗೆ ಬಗ್ಗದ ಯಕೃತ್ತಿನ ಹುಳು ಮೊದಲು ವರದಿಯಾದದ್ದು 1990ರ ದಶಕದಲ್ಲಿ ಆಸ್ಟ್ರೇಲಿಯಾದಿಂದ. ಬಳಿಕ ಯುರೋಪ್, ದಕ್ಷಿಣ ಅಮೆರಿಕಗಳಿಂದಲೂ ವರದಿಗಳು ಬಂದವು. ಇದನ್ನು ಸಾಬೀತುಪಡಿಸಲು ಔಷಧ ಕೊಡುವ ದಿನವೂ, ಮೂರು ವಾರದ ನಂತರವೂ ಅವೇ ಪ್ರಾಣಿಗಳ ಸಗಣಿಯಲ್ಲಿ ಮೊಟ್ಟೆ ಎಣಿಸಬೇಕು. ಮೂರು ವಾರವೇ ಏಕೆಂದರೆ ಹುಳು ಸತ್ತ ಮೇಲೂ ಪಿತ್ತಕೋಶದಲ್ಲಿ ಕೂಡಿಟ್ಟ ಮೊಟ್ಟೆಗಳು ಹೊರಬರುತ್ತಲೇ ಇರುತ್ತವೆ. ವಾರದೊಳಗೆ ಪರೀಕ್ಷಿಸಿ "ಔಷಧ ಸೋತಿತು" ಎಂದರೆ ಸತ್ತ ಹುಳುವಿನ ಆಸ್ತಿಯನ್ನು ಎಣಿಸಿದಂತೆ. ಇಳಿಕೆ 90 ಶೇಕಡಾಕ್ಕಿಂತ ಕಡಿಮೆಯಿದ್ದರೆ ಅನುಮಾನ ಗಟ್ಟಿ. ಹತ್ತು ವಾರ ಬಿಟ್ಟು ಮತ್ತೆ ಮೊಟ್ಟೆ ಕಂಡರೆ ಅದು ಹೆಚ್ಚಾಗಿ ಅದೇ ಬಯಲಿನಿಂದ ಬಂದ ಹೊಸ ಸೋಂಕು.

ಮನುಷ್ಯರಲ್ಲಿ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಯಕೃತ್ತಿನ ಹುಳು 70ಕ್ಕೂ ಹೆಚ್ಚು ದೇಶಗಳಲ್ಲಿ ಕನಿಷ್ಠ 24 ಲಕ್ಷ ಜನರಲ್ಲಿದೆ. ಬೊಲಿವಿಯಾದ ಎತ್ತರದ ಪ್ರಸ್ಥಭೂಮಿಯಲ್ಲಿ ಅದರ ಹಾವಳಿ ವಿಪರೀತ. ಜಲಸಸ್ಯಗಳನ್ನು ಹಸಿಯಾಗಿ ತಿಂದಾಗ, ಕೋಶವಿರುವ ನೀರು ಕುಡಿದಾಗ ಬರುತ್ತದೆ. ಜ್ವರ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳ ಏರಿಕೆ, ಈ ಮೂರು ಒಟ್ಟಿಗೆ ಬಂದರೆ ಊಟದ ಬಗ್ಗೆ ವಿಚಾರಿಸಬೇಕು. ಸ್ಕ್ಯಾನಿನಲ್ಲಿ ಕಂಡ ಮಚ್ಚೆಗಳನ್ನು ಕೀವಿನ ಗಡ್ಡೆಯೆಂದೋ ಕ್ಯಾನ್ಸರ್ ಎಂದೋ ತಿಳಿಯುವ ಅಪಾಯವಿದೆ. ಸುರಂಗದಂತೆ ಸಾಲಾಗಿ ಯಕೃತ್ತಿನ ಅಂಚಿನ ಹತ್ತಿರವಿದ್ದರೆ, ಮರುಸ್ಕ್ಯಾನಿನಲ್ಲಿ ಜಾಗ ಬದಲಿಸಿದ್ದರೆ, ಅದು ಓಡಾಡುವ ಜೀವಿ. ಇಲ್ಲೂ ಮಲದಲ್ಲಿ ಮೊಟ್ಟೆ ಬರಲು ಮೂರು ನಾಲ್ಕು ತಿಂಗಳು ಬೇಕು, ಅಲ್ಲಿಯವರೆಗೆ ರಕ್ತದ ಪ್ರತಿಕಾಯ ಪರೀಕ್ಷೆಯೇ ಗತಿ.

ಎರಡು ವಿಚಿತ್ರ ತಪ್ಪುಗಳು ಇಲ್ಲಿ ಆಗುತ್ತವೆ. ಹುಳುವಿದ್ದ ಪ್ರಾಣಿಯ ಯಕೃತ್ತನ್ನು ತಿಂದವರ ಮಲದಲ್ಲಿ ಆ ಮೊಟ್ಟೆಗಳು ಹಾಗೆಯೇ ಹಾದುಬರುತ್ತವೆ. ಅವರಿಗೆ ರೋಗವಿಲ್ಲ, ವರದಿ ಮಾತ್ರ ಪಾಸಿಟಿವ್. ಒಂದು ವಾರ ಯಕೃತ್ತನ್ನು ಊಟದಿಂದ ಬಿಡಿಸಿ ಮತ್ತೆ ಪರೀಕ್ಷಿಸಿದರೆ ನಿಜ ತಿಳಿಯುತ್ತದೆ. ಇನ್ನೊಂದು, ಏಷ್ಯಾದಲ್ಲಿ ಮನುಷ್ಯರಲ್ಲೂ ಹಂದಿಗಳಲ್ಲೂ ಕಾಣುವ ಕರುಳಿನ ದೊಡ್ಡ ಹುಳು ಫ್ಯಾಸಿಯೋಲೋಪ್ಸಿಸ್ ಬಸ್ಕಿಯ ಮೊಟ್ಟೆಯನ್ನು ಫ್ಯಾಸಿಯೋಲಾದ ಮೊಟ್ಟೆಯಿಂದ ಬೇರ್ಪಡಿಸುವುದು ಸೂಕ್ಷ್ಮದರ್ಶಕಕ್ಕೂ ಆಗದ ಕೆಲಸ. ಔಷಧ ಮಾತ್ರ ಬೇರೆ. ಬಸ್ಕಿ ಪ್ರಾಜಿಕ್ವಾಂಟೆಲ್‌ಗೆ ಬಗ್ಗುತ್ತದೆ. ಮನುಷ್ಯರ ಬಹುತೇಕ ಎಲ್ಲ ಚಪ್ಪಟೆ ಹುಳುಗಳನ್ನು ಕೊಲ್ಲುವ ಆ ಔಷಧಕ್ಕೆ ಜಗ್ಗದ್ದು ಫ್ಯಾಸಿಯೋಲಾ. ಅದಕ್ಕೆ ಟ್ರೈಕ್ಲಾಬೆಂಡಜೋಲೇ ಬೇಕು, ಕಿಲೋಗ್ರಾಂ ತೂಕಕ್ಕೆ 10 ಮಿಲಿಗ್ರಾಮಿನಂತೆ, ವೈದ್ಯರ ನಿಗಾದಲ್ಲಿ. ಲಕ್ಷಣ ಯಕೃತ್ತಿನದೋ ಕರುಳಿನದೋ ಎಂಬುದರ ಮೇಲೆ ತೀರ್ಮಾನಿಸಬೇಕು, ಮೊಟ್ಟೆಯನ್ನು ದಿಟ್ಟಿಸಿ ಫಲವಿಲ್ಲ.

ಕೆಮ್ಮಿನಲ್ಲಿ ತುಕ್ಕುಬಣ್ಣದ ಕಫ, ತಿಂಗಳುಗಟ್ಟಲೆ ಕ್ಷಯದ ಚಿಕಿತ್ಸೆ ಕೊಟ್ಟರೂ ಸುಧಾರಣೆಯಿಲ್ಲ, ಕಫದಲ್ಲಿ ಕ್ಷಯದ ರೋಗಾಣು ಒಮ್ಮೆಯೂ ಸಿಕ್ಕಿಲ್ಲ, ರೋಗಿಯ ಮೈಕೈ ಮಾತ್ರ ಅಷ್ಟೇನೂ ಇಳಿದಿಲ್ಲ. ಇಂಥವರನ್ನು ಹಸಿ ಏಡಿ ತಿನ್ನುವ ರೂಢಿಯಿದೆಯೇ ಎಂದು ಕೇಳಿ. ಶ್ವಾಸಕೋಶದ ಹುಳು ಪ್ಯಾರಾಗೋನಿಮಸ್ ಏಷ್ಯಾದ ಹಲವೆಡೆ, ಭಾರತದ ಮಣಿಪುರ, ನಾಗಾಲ್ಯಾಂಡ್, ಅರುಣಾಚಲಗಳಲ್ಲೂ ಕ್ಷಯದ ವೇಷ ಹಾಕಿಕೊಂಡು ತಿರುಗುತ್ತದೆ. (ಅದನ್ನು ಮೊದಲು 1878ರಲ್ಲಿ ವಿವರಿಸಿದ್ದು ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತ ಹುಲಿಯ ಶ್ವಾಸಕೋಶದಿಂದ.) ಕ್ಷಯಕ್ಕೆಂದು ಬಣ್ಣ ಹಾಕಿದ ಗಾಜಿನಲ್ಲಿ ಇದರ ಮೊಟ್ಟೆ ಸುಲಭವಾಗಿ ಕಾಣುವುದಿಲ್ಲ. ಬಣ್ಣ ಹಾಕದ ಹಸಿ ಕಫವನ್ನು ಕಡಿಮೆ ಶಕ್ತಿಯಲ್ಲಿ ನೋಡಬೇಕು. ಮಕ್ಕಳು ಕಫ ನುಂಗುವುದರಿಂದ ಅವರ ಮಲದಲ್ಲೂ ಹುಡುಕಬೇಕು.

ಹಸಿ ಸಿಹಿನೀರಿನ ಮೀನಿನಿಂದ ಬರುವ ಕ್ಲೋನೋರ್ಕಿಸ್, ಒಪಿಸ್ತೋರ್ಕಿಸ್ ಹುಳುಗಳ ಮೊಟ್ಟೆ ಕೇವಲ 30 ಮೈಕ್ರೋಮೀಟರಿನ ಆಸುಪಾಸು. ಕಡಿಮೆ ಶಕ್ತಿಯ ಮಸೂರ ಅವನ್ನು ದಾಟಿಹೋಗುತ್ತದೆ. ಪಿತ್ತನಾಳ ಪೂರ್ತಿ ಕಟ್ಟಿಕೊಂಡವರಲ್ಲಿ ಮೊಟ್ಟೆ ಮಲಕ್ಕೆ ಬರಲು ದಾರಿಯೇ ಇಲ್ಲ. ಪಿತ್ತನಾಳದ ಕ್ಯಾನ್ಸರಿಗೆ ಈ ಹುಳುಗಳು ಖಚಿತ ಕಾರಣವಾದ್ದರಿಂದ ಉದಾಸೀನ ಸಲ್ಲದು.

ಮೂತ್ರದಲ್ಲಿ ರಕ್ತ, ಆಫ್ರಿಕಾ ಅಥವಾ ಮಧ್ಯಪ್ರಾಚ್ಯದ ಸಿಹಿನೀರಿನಲ್ಲಿ ಈಜಿದ ಇತಿಹಾಸ ಎಂದರೆ ಷಿಸ್ಟೊಸೋಮಾ ಹೀಮಟೋಬಿಯಂ. ಜರ್ಮನ್ ವೈದ್ಯ ಥಿಯೋಡೋರ್ ಬಿಲ್ಹಾರ್ಜ್ 1851ರಲ್ಲಿ ಕೈರೋದಲ್ಲಿ ಕಂಡ ಹುಳು ಇದು. ಮೂತ್ರ ಹಿಡಿಯುವ ಹೊತ್ತು ಇಲ್ಲಿ ಫಲಿತಾಂಶವನ್ನೇ ಬದಲಿಸುತ್ತದೆ: ಬೆಳಗ್ಗೆ 10ರಿಂದ ಮಧ್ಯಾಹ್ನ 2ರ ನಡುವೆ ಮೊಟ್ಟೆ ಹೆಚ್ಚು, ಮೂತ್ರದ ಕೊನೆಯ ಭಾಗದಲ್ಲಿ ಇನ್ನೂ ಹೆಚ್ಚು. ನೀರಿಗಿಳಿದ ಕೆಲವೇ ವಾರಗಳಲ್ಲಿ ಜ್ವರ, ದದ್ದು, ಕೆಮ್ಮು ಬಂದರೆ ಅದು ಕಟಯಾಮ ಜ್ವರ. ಆಗ ಮೊಟ್ಟೆ ಇನ್ನೂ ಬಂದಿರುವುದಿಲ್ಲ, ಪ್ರಾಜಿಕ್ವಾಂಟೆಲ್ ಕೂಡ ಎಳೆಯ ಹುಳುವನ್ನು ಕೊಲ್ಲುವುದಿಲ್ಲ. ಹುಳು ಬಲಿತ ಮೇಲೆ ಔಷಧವನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ.

ಮಾದರಿ ಕಳಿಸುವಾಗ

ಪ್ರಯೋಗಾಲಯಕ್ಕೆ ಕಳಿಸುವ ಚೀಟಿಯಲ್ಲಿ "ಹುಳು ಪರೀಕ್ಷೆ" ಎಂದಷ್ಟೇ ಬರೆಯಬೇಡಿ. ತಂಗಿಸುವ ವಿಧಾನ ಬೇಕೆಂದು ಬರೆಯಿರಿ. ತೇವದ ಜಾಗದಲ್ಲಿ ಮೇದು ಎಷ್ಟು ವಾರವಾಯಿತು, ಕೊನೆಯ ಔಷಧ ಯಾವುದು, ಎಂದು ಕೊಟ್ಟದ್ದು ಎಂಬುದನ್ನೂ ಬರೆಯಿರಿ. ಸಗಣಿಯನ್ನು ನೆಲದಿಂದ ಬಾಚದೆ ಗುದದಿಂದಲೇ ತೆಗೆದು ತಣ್ಣಗಿಟ್ಟು ಕಳಿಸಿ. ಮೊಟ್ಟೆ ನೋಡಲಷ್ಟೇ ಆದರೆ ಫಾರ್ಮಲಿನ್ ಹಾಕಬಹುದು, ಕೋಪ್ರೋಆಂಟಿಜೆನ್ ಪರೀಕ್ಷೆಗೆ ಹಾಕಬಾರದು. ಮೂಗಿನ ಲೋಳೆಯಾದರೆ ಪ್ರತ್ಯೇಕ ಶೀಶೆ. ಸತ್ತ ಪ್ರಾಣಿಯದಾದರೆ ಯಕೃತ್ತಿನ ಒಂದು ತುಂಡಿನ ಬದಲು ಪಿತ್ತಕೋಶ ಸಮೇತ ಇಡೀ ಯಕೃತ್ತು. ಮಂದೆ ಮೇದ ಜಾಗದಲ್ಲಿ ಸಿಕ್ಕ ನಾಲ್ಕಾರು ಬಸವನಹುಳುಗಳನ್ನೂ ಒದ್ದೆ ಎಲೆಯಲ್ಲಿ ಸುತ್ತಿ ಜೊತೆಗೆ ಕಳಿಸಿ. ಲಿಮ್ನಿಯಾ ಹುಳುವನ್ನು ಚೂಪುತುದಿ ಮೇಲಾಗಿ, ಬಾಯಿ ನಿಮ್ಮೆಡೆಗೆ ಹಿಡಿದರೆ ಬಾಯಿ ಬಲಕ್ಕೆ ತೆರೆದಿರುತ್ತದೆ. ಇಂಡೋಪ್ಲನಾರ್ಬಿಸ್ ಚಪ್ಪಟೆಯಾಗಿ ಸುರುಳಿ ಸುತ್ತಿರುತ್ತದೆ. ಎರಡರಲ್ಲಿ ಯಾವುದು ಸಿಕ್ಕಿತು ಎಂಬುದನ್ನೂ ಅದೇ ಚೀಟಿಯಲ್ಲಿ ನಮೂದಿಸಿ.